ಯಂತ್ರದ ಲೆಕ್ಕ ತಪ್ಪಿದ್ದು ಮಕ್ಕಳಿಗೆ ತಿಳಿಯಬೇಕು: ಕಾಸರಗೋಡಿನ ಕನ್ನಡ ಹೈಸ್ಕೂಲಿಗೆ ಎಂಥ ಕಂಪ್ಯೂಟರ್ ಪಾಠ?

ಆಟಿ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜೋರು ಮಳೆ, ಲ್ಯಾಬಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪದದ ಉದ್ದ ಅಳೆಯಲು 'ಲೆನ್' ಎಂಬ ಆದೇಶ ಇದೆ. ಪದ ಕೊಟ್ಟರೆ ಎಷ್ಟು ಅಕ್ಷರ ಎಂದು ಹೇಳುತ್ತದೆ. ಇಂಗ್ಲಿಷ್ ಪದಗಳನ್ನು ಕೊಟ್ಟು ನೋಡಿ ಆಗಿತ್ತು, ಎಲ್ಲ ಸರಿ ಬಂದಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಸುಮ್ನೆ 'ಕಾಸರಗೋಡು' ಎಂದು ಟೈಪ್ ಮಾಡಿದಳು. ಪರದೆಯಲ್ಲಿ 8 ಎಂದು ಬಂತು.

"ಟೀಚರ್, ಇದಕ್ಕೆ ಎಣಿಸ್ಲಿಕ್ಕೆ ಗೊತ್ತಿಲ್ಲ. ಐದೇ ಅಲ್ವಾ ಇರುವುದು?"

ನಾನು ಗಣಿತದ ಟೀಚರ್. ನಮ್ಮಲ್ಲಿ ಹೈಸ್ಕೂಲಿಗೆ ಐಟಿಗೆಂದೇ ಬೇರೆ ಶಿಕ್ಷಕರು ಇರುವುದಿಲ್ಲ. ಗಣಿತ, ವಿಜ್ಞಾನ, ಭಾಷೆ ಕಲಿಸುವವರೇ ತರಬೇತಿ ಪಡೆದು ಲ್ಯಾಬಿಗೆ ಹೋಗುತ್ತೇವೆ. ಅವತ್ತು ಅವಳ ಪ್ರಶ್ನೆಗೆ ತಕ್ಷಣ ಉತ್ತರ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಅದು ಯಾವ ಎಂಟನ್ನು ಎಣಿಸಿತು ನೋಡಿ" ಎಂದೆ. ಆಮೇಲೆ ಮೂರು ಪೀರಿಯಡ್ ಆ ಒಂದೇ ಪ್ರಶ್ನೆಯಲ್ಲಿ ಹೋಯಿತು. ಹೈಸ್ಕೂಲಿನಲ್ಲಿ ಪ್ರಾಜೆಕ್ಟ್ ಮೂಲಕ ಕಂಪ್ಯೂಟರ್ ಕಲಿಸುವುದು ಎಂದರೆ ಏನು ಎಂದು ನನಗೆ ಸರಿಯಾಗಿ ಅರ್ಥವಾದದ್ದು ಆ ಮೂರು ಪೀರಿಯಡ್‌ಗಳಲ್ಲಿ.

ಈ ವಿಷಯ ಈಗ ಮಾತಾಡಬೇಕಾದ ಕಾರಣ ಇದೆ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಹೊಸತಲ್ಲ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರಕಾರದ ಐಟಿ@ಸ್ಕೂಲ್ ಯೋಜನೆ ಶುರುವಾಗಿ ಎರಡು ದಶಕ ದಾಟಿತು. 2017ರಲ್ಲಿ ಅದೇ 'ಕೈಟ್' ಸಂಸ್ಥೆಯಾಯಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್‌ಗಳು ಬಂದವು. ಎಂಟರಿಂದ ಹನ್ನೆರಡನೇ ತರಗತಿವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವ ಕೆಲಸ ನಡೆಯಿತು. 2024ರಲ್ಲಿ ಏಳನೇ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕದಲ್ಲಿ ಎಐ ಪಾಠ ಸೇರಿತು. 2025ರ ಜೂನಿನಿಂದ ಹತ್ತನೇ ತರಗತಿಗೆ ರೋಬೋಟಿಕ್ಸ್ ಕಡ್ಡಾಯ. ಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬರುತ್ತವೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ತಮಿಳುನಾಡಿನ ತಾಳವಾಡಿ ಕಡೆಯ ಕನ್ನಡ ಶಾಲೆಗಳವರು ಇದನ್ನು ಓದುತ್ತಿದ್ದರೆ, ಇಷ್ಟಾದರೂ ನಮ್ಮ ಕೈಯಲ್ಲಿದೆಯಲ್ಲ ಎಂದು ಅವರಿಗೆ ಅನ್ನಿಸಬಹುದು. ನಿಜ, ಇದು ದೊಡ್ಡ ವಿಷಯ.

ಆದರೆ ಕಿಟ್ ಬಂದ ಕೂಡಲೇ ಪ್ರಾಜೆಕ್ಟ್ ಬಂತು ಎಂದಲ್ಲ.

ರಾಜ್ಯದ ಶಾಲೆಗಳಿಗೆ ಒಟ್ಟು 29,000 ರೋಬೋಟಿಕ್ ಕಿಟ್ ಎಂದು ಲೆಕ್ಕ. ಹತ್ತನೇ ತರಗತಿಯಲ್ಲಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಮಕ್ಕಳಿರುತ್ತಾರೆ. ಸರಾಸರಿ ತೆಗೆದರೆ ಸುಮಾರು 15 ಮಕ್ಕಳಿಗೆ ಒಂದು ಕಿಟ್. ಪೆಟ್ಟಿಗೆಯಲ್ಲಿ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ವಯರು ಜೋಡಿಸುವ ಬ್ರೆಡ್‌ಬೋರ್ಡು, ಎದುರು ಏನಾದರೂ ಬಂದರೆ ಗುರುತಿಸುವ ಐಆರ್ ಸೆನ್ಸರ್, ಸರ್ವೊ ಮೋಟರ್, ಜಂಪರ್ ವಯರುಗಳು ಇರುತ್ತವೆ. ಪಾಠದ ಮೊದಲ ಚಟುವಟಿಕೆ, ಕೈ ಒಡ್ಡಿದರೆ ತಾನಾಗಿ ಸ್ಯಾನಿಟೈಸರ್ ಬೀಳುವ ಯಂತ್ರ. ಒಳ್ಳೆಯ ಚಟುವಟಿಕೆಯೇ. ಮಕ್ಕಳು ಖುಷಿಯಿಂದ ಮಾಡುತ್ತಾರೆ. ಮೋಟರ್ ತಿರುಗಿದಾಗ ಲ್ಯಾಬಿನಲ್ಲಿ ಎದ್ದ ಬೊಬ್ಬೆ ಆಫೀಸ್ ರೂಮಿಗೆ ಕೇಳಿದೆ.

ಇಷ್ಟಿದ್ದೂ ಅದು ಪ್ರಾಜೆಕ್ಟ್ ಆಗುವುದಿಲ್ಲ. ಯಾವ ವಯರ್ ಎಲ್ಲಿಗೆ ಎಂದು ಪುಸ್ತಕದಲ್ಲಿದೆ. ಹಾಗೆ ಜೋಡಿಸಿದರೆ ಓಡುತ್ತದೆ. ಓಡದಿದ್ದರೆ ಮಗು ಪುಸ್ತಕದ ಚಿತ್ರವನ್ನು ಇನ್ನೊಮ್ಮೆ ನೋಡುತ್ತದೆ. ಸರಿಯೋ ತಪ್ಪೋ ಎಂದು ಹೇಳುವುದು ಪುಸ್ತಕ, ಇಲ್ಲವೇ ಟೀಚರ್. ಈ ಯಂತ್ರ ಹೀಗೇ ಯಾಕೆ ಇರಬೇಕು ಎಂದು ಕೇಳಲು ಮಗುವಿಗೆ ಕಾರಣವೇ ಸಿಗುವುದಿಲ್ಲ.

'ಪ್ರಾಜೆಕ್ಟ್' ಎಂಬ ಪದಕ್ಕೆ ನಮ್ಮ ಕಡೆ ಇನ್ನೊಂದು ಕಷ್ಟವೂ ಇದೆ. ಆ ಪದ ಕೇಳಿದ ಕೂಡಲೇ ಮನೆಯವರಿಗೆ ನೆನಪಾಗುವುದು ಚಾರ್ಟ್ ಪೇಪರು, ಥರ್ಮೋಕೋಲು, ಬಣ್ಣದ ಕಾಗದದ ಬೈಂಡು. ಹಿಂದಿನ ದಿನ ರಾತ್ರಿ ಅಕ್ಕನೋ ಅಮ್ಮನೋ ಕೂತು ಮುಗಿಸಿಕೊಡುವ ಕೆಲಸ. ನಾನು ಮೊದಲು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕಂಪ್ಯೂಟರ್ ಪ್ರಾಜೆಕ್ಟ್ ಎಂದರೆ ನೆಟ್ಟಿನಿಂದ ತೆಗೆದ ಹತ್ತು ಪುಟದ ಪ್ರಿಂಟ್. ಒಂದೇ ಅಂಗಡಿಯಿಂದ ಬಂದ ನಾಲ್ಕು ಬೈಂಡುಗಳಲ್ಲಿ ಒಂದೇ ಕಡೆ ಒಂದೇ ಅಕ್ಷರತಪ್ಪು ಇತ್ತು. ನಾಲ್ವರಿಗೂ ಮಾರ್ಕು ಸಿಕ್ಕಿತು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳಿದ್ದೇ ಅದನ್ನು.

ಹಾಗಾದರೆ ಪ್ರಾಜೆಕ್ಟ್ ಯಾವುದು? ನನ್ನ ಅಳತೆ ಒಂದೇ. ಯಂತ್ರ ಕೊಟ್ಟ ಉತ್ತರ ತಪ್ಪು ಎಂದು ಮಗು ತಾನಾಗಿ ಹೇಳಲು ಸಾಧ್ಯ ಇರಬೇಕು. ಅದಕ್ಕೆ ಆ ವಿಷಯ ಮಗುವಿಗೆ ಯಂತ್ರಕ್ಕಿಂತ ಜಾಸ್ತಿ ಗೊತ್ತಿರಬೇಕು. ಹದಿನಾಲ್ಕು ವರ್ಷದ ಮಗುವಿಗೆ ಹಾಗೆ ಗೊತ್ತಿರುವುದು ಏನು? ತನ್ನ ಭಾಷೆ ಗೊತ್ತು, ತನ್ನ ಮನೆ, ತೋಟ, ಬಾವಿ, ಬಸ್ಸು ಗೊತ್ತು. ಕೋರ್ಸು ಅಲ್ಲಿಂದಲೇ ಶುರುವಾಗಬೇಕು.

ಆ 'ಕಾಸರಗೋಡು' ಪದಕ್ಕೆ ಬರುತ್ತೇನೆ. ಮಕ್ಕಳು ಪದವನ್ನು ಒಡೆದು ಒಂದೊಂದನ್ನೇ ಬೇರೆ ಸಾಲಿನಲ್ಲಿ ಪ್ರಿಂಟ್ ಮಾಡಿಸಿದರು. ಕ, ಆಮೇಲೆ ಒಂಟಿ ದೀರ್ಘದ ಗುರುತು, ಸ, ರ, ಗ, ಓಕಾರದ ಗುರುತು, ಡ, ಉಕಾರದ ಗುರುತು. ಒಟ್ಟು ಎಂಟು. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ 'ಕಾ' ಎಂಬುದು ಒಂದು ಅಕ್ಷರ ಅಲ್ಲ, 'ಕ' ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳು. ನಾವು ಅಕ್ಷರ ಎನ್ನುವುದೇ ಬೇರೆ, ಯಂತ್ರ ಇಟ್ಟುಕೊಂಡದ್ದೇ ಬೇರೆ. ಮಕ್ಕಳ ಮೊದಲ ಉಪಾಯ ಸುಲಭದ್ದಾಗಿತ್ತು. ಸ್ವರಚಿಹ್ನೆಗಳನ್ನು ಬಿಟ್ಟು ಎಣಿಸು. ಎಣಿಸಿದರು. ಐದು ಬಂತು. ಗೆದ್ದೆವು ಎಂದು ಚಪ್ಪಾಳೆ.

ಪಕ್ಕದ ಬೆಂಚಿನವ 'ಮಂಜೇಶ್ವರ' ಕೊಟ್ಟ. ಬಾಯಲ್ಲಿ ಎಣಿಸಿದರೆ ಮಂ, ಜೇ, ಶ್ವ, ರ, ನಾಲ್ಕು. ಅವರ ಪ್ರೋಗ್ರಾಂ 7 ಎಂದಿತು. ಸೊನ್ನೆಯನ್ನೂ ಬಿಟ್ಟು ಎಣಿಸಿದಾಗ 6. ಉಳಿದದ್ದು 'ಶ್ವ'. ಅದು ಯಂತ್ರದೊಳಗೆ ಶ, ವಿರಾಮದ ಗುರುತು, ವ ಎಂದು ಮೂರು ಜಾಗ ಹಿಡಿದಿತ್ತು. ವಿರಾಮದ ಗುರುತು ಸಿಕ್ಕಿದಲ್ಲೆಲ್ಲ ಎರಡು ಕಳೆ ಎಂದು ನಿಯಮ ಮಾಡಿದರು. ನಾಲ್ಕು ಬಂತು. 'ಮುಳ್ಳೇರಿಯ' ಕೊಟ್ಟರು, ಸರಿ ಬಂತು. ಆ ದಿನದ ಪೀರಿಯಡ್ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಅದೇ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಟೀಚರ್, ನಮ್ಮ ನಿಯಮ 'ಬಸ್' ಅನ್ನುವ ಪದಕ್ಕೆ ಆಗುವುದಿಲ್ಲ. ಒಂದು ಅಂತ ಬರ್ತದೆ." ಹೌದು. ಬ, ಸ, ವಿರಾಮದ ಗುರುತು. ಮೂರರಲ್ಲಿ ಎರಡು ಕಳೆದರೆ ಒಂದೇ. ಅವಳು ಅದನ್ನು ಕಂಪ್ಯೂಟರಿನಲ್ಲಿ ನೋಡಿ ಹೇಳಿದ್ದಲ್ಲ. ಶಾಲೆಗೆ ಬರುವ ಬಸ್ಸಿನಲ್ಲಿ ಕೂತು, ಬೋರ್ಡುಗಳನ್ನು ಓದುತ್ತಾ, ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು. ವಿರಾಮದ ಗುರುತಿನ ನಂತರ ಇನ್ನೊಂದು ವ್ಯಂಜನ ಇದ್ದರೆ ಮಾತ್ರ ಎರಡು ಕಳೆಯಬೇಕು, ಇಲ್ಲದಿದ್ದರೆ ಒಂದೇ ಎಂಬ ತಿದ್ದುಪಡಿಯನ್ನೂ ಅವಳೇ ತಂದಿದ್ದಳು.

ಕಂಪ್ಯೂಟರ್ ವಿಜ್ಞಾನದಲ್ಲಿ ಕಲಿಯಬೇಕಾದ ಎಷ್ಟೋ ವಿಷಯ ಇದರಲ್ಲಿ ಬಂದುಹೋಯಿತು. ಮಾಹಿತಿಯನ್ನು ಯಂತ್ರ ಹೇಗೆ ಇಟ್ಟುಕೊಳ್ಳುತ್ತದೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಯಾಕೆ ಬೇಕು, 'ಹೀಗಿದ್ದರೆ ಹೀಗೆ ಮಾಡು' ಎನ್ನುವ 'ಇಫ್' ಎಲ್ಲಿ ಬೇಕು, ಒಂದು ಪದಕ್ಕೆ ಸರಿಯಾದ ನಿಯಮ ಎಲ್ಲ ಪದಕ್ಕೂ ಸರಿ ಎಂದು ನಂಬಬಾರದು ಎಂಬುದು. ನಾನು ಇವನ್ನು ಬೋರ್ಡಿನಲ್ಲಿ ಬರೆದು ಹೇಳಿದ್ದರೆ ಪರೀಕ್ಷೆಯ ನಂತರ ನೆನಪಿರುತ್ತಿರಲಿಲ್ಲ.

ಇಲ್ಲಿಂದ ಮುಂದಿನ ಮೆಟ್ಟಿಲು ಕನ್ನಡ ಪೀರಿಯಡ್‌ನಲ್ಲಿದೆ. ಹೈಸ್ಕೂಲಿನ ಮಕ್ಕಳು ಲಘು, ಗುರು, ಪ್ರಸ್ತಾರ ಕಲಿಯುತ್ತಾರೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘವಿದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಎರಡು ಮಾತ್ರೆ. ಭಾಮಿನಿ ಷಟ್ಪದಿಯ ಮೊದಲ ಎರಡು ಸಾಲುಗಳಲ್ಲಿ ತಲಾ 14 ಮಾತ್ರೆ, ಮೂರನೆಯದರಲ್ಲಿ 23. ಇದಕ್ಕಿಂತ ಚೊಕ್ಕವಾದ ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಹುಡುಕಿದರೂ ಸಿಗುವುದಿಲ್ಲ. ನಿಯಮ ಸ್ಪಷ್ಟ ಇದೆ, ಉತ್ತರ ಸರಿಯೋ ಎಂದು ಮಗು ಕೈಯಲ್ಲೇ ಪ್ರಸ್ತಾರ ಹಾಕಿ ನೋಡಬಹುದು. ಮೇಲಾಗಿ ಇದು ಯಕ್ಷಗಾನದ ಊರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಭಾಮಿನಿಯನ್ನು ಕಿವಿಯಲ್ಲೇ ಹಿಡಿಯುವ ಮಕ್ಕಳಿದ್ದಾರೆ. ಸಾಲು ಎಲ್ಲೋ ಎಡವಿತು ಎಂದು ಅವರ ಕಿವಿಗೆ ಗೊತ್ತಾಗುತ್ತದೆ, ಎಲ್ಲಿ ಎಂದು ಪ್ರೋಗ್ರಾಂ ತೋರಿಸುತ್ತದೆ. ಕಂಪ್ಯೂಟರ್ ಎಂದರೆ ದೂರ ಸರಿಯುವ ಕನ್ನಡ ಪಂಡಿತರೂ ಆಗ ಲ್ಯಾಬಿಗೆ ಬರುತ್ತಾರೆ. ಅವರಿಲ್ಲದೆ ಈ ಪ್ರಾಜೆಕ್ಟ್ ಆಗುವುದೂ ಇಲ್ಲ.

ಅಕಾರಾದಿ ಮಾಡಲು ಹೊರಟವರಿಗೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಯಲ್ಲಿದೆ. ಯೂನಿಕೋಡಿನಲ್ಲಿ ಅದು 'ಲ'ದ ಪಕ್ಕ, 'ವ'ಕ್ಕಿಂತ ಮೊದಲು. ಹಾಗಾಗಿ ಯಂತ್ರ 'ಮಳೆ'ಯನ್ನು 'ಮಹಿಳೆ'ಗಿಂತ ಮೊದಲು ಇಡುತ್ತದೆ. ನಿಘಂಟಿನಲ್ಲಿ 'ಮಹಿಳೆ' ಮೊದಲು. ತಿದ್ದಬೇಕಾದವರು ಮಕ್ಕಳು.

ಏಳು ಭಾಷೆಗಳ ನೆಲ ಎಂದು ನಾವು ಭಾಷಣದಲ್ಲಿ ಹೇಳುತ್ತಲೇ ಇರುತ್ತೇವೆ. ಅದು ಲ್ಯಾಬಿಗೂ ಬರಲಿ. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ, ಹವ್ಯಕ ಕನ್ನಡ ಮಾತಾಡುವವರು ಇದ್ದಾರೆ. ಅಡಿಕೆಗೆ ತುಳುವಿನಲ್ಲಿ ಬಜ್ಜೈ, ಮಲಯಾಳದಲ್ಲಿ ಅಡಯ್ಕ. ಹೀಗೆ ನೂರು ಪದಗಳ ಒಂದು ಕೋಷ್ಟಕ ಮಾಡಿ, ಒಂದು ಭಾಷೆಯ ಪದ ಕೊಟ್ಟರೆ ಉಳಿದವನ್ನು ತೋರಿಸುವ ಪ್ರೋಗ್ರಾಂ ಬರೆಯಬಹುದು. ಮೊದಲ ವಾರದಲ್ಲೇ ಜಗಳ ಶುರುವಾಗುತ್ತದೆ. ಒಂದೇ ವಸ್ತುವಿಗೆ ಎರಡು ಮನೆಯಲ್ಲಿ ಎರಡು ಪದ ಇದ್ದರೆ ಕೋಷ್ಟಕದಲ್ಲಿ ಎಲ್ಲಿ ಬರೆಯುವುದು? ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಉಚ್ಚಾರ ಸರಿ ಬರುತ್ತದಾ? ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದೆ, ಆದರೆ ಲ್ಯಾಬಿನ ಕಂಪ್ಯೂಟರಿನಲ್ಲಿ ಫಾಂಟ್ ಬೇಕಲ್ಲ? ಡೇಟಾಬೇಸ್ ಎಂಬ ಪಾಠ ಇಂಥ ಜಗಳದಿಂದ ಶುರುವಾದರೆ ಚೆನ್ನಾಗಿ ಹತ್ತುತ್ತದೆ.

ಭಾಷೆಯಲ್ಲಿ ಆಸಕ್ತಿ ಇಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ನೀರಿದೆ, ತೋಟ ಇದೆ.

ಬಾಯಾರು, ಎಣ್ಮಕಜೆ ಕಡೆ ಸುರಂಗಗಳಿವೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗಿನ ಒರತೆಯನ್ನು ತಾನಾಗಿ ಹರಿದು ಹೊರಬರುವಂತೆ ಮಾಡಿದ ನೀರಿನ ದಾರಿ. ಪಂಪು ಬೇಡ, ಕರೆಂಟು ಬೇಡ. ಆ ನೀರನ್ನು ಅಳೆಯಲು ಬೇಕಾದದ್ದು 10 ಲೀಟರಿನ ಒಂದು ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್. ಬಕೆಟ್ ತುಂಬಲು 50 ಸೆಕೆಂಡ್ ಆದರೆ ನಿಮಿಷಕ್ಕೆ 12 ಲೀಟರ್, ದಿನಕ್ಕೆ 17,280 ಲೀಟರ್. ಡಿಸೆಂಬರಿನಿಂದ ಶುರು ಮಾಡಿ ವಾರಕ್ಕೊಮ್ಮೆ ಅಳೆದು ಲಿಬ್ರೆ ಆಫೀಸ್‌ನ ಶೀಟಿನಲ್ಲಿ ಬರೆದರೆ ಸಾಕು. ನೀರು ಇಳಿಯುವ ಗೆರೆ ಮಾರ್ಚ್ ಹೊತ್ತಿಗೆ ಪರದೆಯಲ್ಲಿ ಕಾಣುತ್ತದೆ.

ಇಲ್ಲೂ ಯಂತ್ರ ಎಡವುತ್ತದೆ. ಸುರಂಗದ ಮನೆಯ ಹುಡುಗನೊಬ್ಬ ಶೀಟಿನ ಗೆರೆಯನ್ನು ಮೇ ತಿಂಗಳಿಗೆ ಎಳೆದು ನೋಡಿದ. ಲೆಕ್ಕದ ಪ್ರಕಾರ ಮೇ ಮೊದಲ ವಾರ ನೀರು ಪೂರ್ತಿ ನಿಲ್ಲಬೇಕು. "ಹಾಗೆ ಆಗುವುದೇ ಇಲ್ಲ, ಸಣ್ಣ ಆಗ್ತದೆ, ನಿಲ್ಲುವುದಿಲ್ಲ, ಅಜ್ಜನ ಕಾಲದಿಂದ ನಿಂತದ್ದಿಲ್ಲ" ಎಂದ. ನೀರು ನೇರ ಗೆರೆಯಲ್ಲಿ ಇಳಿಯುವುದಿಲ್ಲ, ಮೊದಲು ಬೇಗ ಬೇಗ, ಆಮೇಲೆ ನಿಧಾನ ಎಂದು ಅವನು ಡೇಟಾ ನೋಡಿಯೇ ಹೇಳಿದ. ಹತ್ತನೇ ತರಗತಿಯ ಗಣಿತದಲ್ಲಿ ನಾನು ಮುಟ್ಟದ ವಿಷಯ ಅದು.

ಮಳೆಯದ್ದೂ ಹೀಗೆಯೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದಾಗ ಯಾರೂ ನಂಬಲಿಲ್ಲ. ಮತ್ತೊಮ್ಮೆ ಲೆಕ್ಕ ಹಾಕಿಸಿದರು.

ಅಡಿಕೆಗೆ ಮದ್ದು ಬಿಡುವ ದಿನ ನೆನಪಿಸುವ ಪ್ರೋಗ್ರಾಂ ಮಾಡಿದ ತಂಡ ಇನ್ನೂ ಒಳ್ಳೆಯ ಪಾಠ ಕಲಿಯಿತು. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ. ಮಕ್ಕಳು ತಾರೀಕು ಹಾಕಿದರೆ 42 ದಿನ ಕೂಡಿಸಿ ಹೇಳುವ ಪ್ರೋಗ್ರಾಂ ಬರೆದು ಮನೆಗೆ ಒಯ್ದರು. ಒಬ್ಬಳ ಅಪ್ಪ ಕೇಳಿದರಂತೆ: "ಅವತ್ತು ಮಳೆ ಹೊಡಿತಾ ಇದ್ರೆ ಮರ ಹತ್ತುವುದು ಯಾರು? ಮದ್ದು ಗೊನೆಯಲ್ಲಿ ನಿಲ್ತದಾ?" ಆ ಮಾತಿನ ನಂತರ ಪ್ರೋಗ್ರಾಂ ಬದಲಾಯಿತು. 35ನೇ ದಿನದಿಂದಲೇ ಎಚ್ಚರಿಕೆ ಕೊಡು, ಬಿಸಿಲು ಸಿಕ್ಕಿದ ದಿನ ಮದ್ದು ಬಿಡಿ ಎಂದು ಹೇಳು. ಬಳಸುವವರನ್ನು ಕೇಳದೆ ಸಾಫ್ಟ್‌ವೇರ್ ಮಾಡಬಾರದು ಎಂದು ಆ ಅಪ್ಪ ಎರಡು ಮಾತಿನಲ್ಲಿ ಕಲಿಸಿಬಿಟ್ಟರು. ಅಡಿಕೆ, ತೆಂಗಿನ ಬಗ್ಗೆ ಸಂದೇಹ ಬಂದರೆ ಕೇಳಲು ಕೂಡ್ಲುವಿನಲ್ಲಿ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರವೇ ಇದೆ. ಇಂಥ ಅನುಕೂಲ ಎಷ್ಟು ಜಿಲ್ಲೆಗಳಿಗೆ ಉಂಟು?

ಕಿಟ್ಟನ್ನು ಮೂಲೆಗೆ ಇಡಿ ಎಂದು ನಾನು ಹೇಳುತ್ತಿಲ್ಲ. ಅದೇ ಐಆರ್ ಸೆನ್ಸರನ್ನು ಲೈಬ್ರರಿಯ ಬಾಗಿಲಿಗೆ ಕಟ್ಟಿ, ದಿನಕ್ಕೆ ಎಷ್ಟು ಮಂದಿ ಬರುತ್ತಾರೆ ಎಣಿಸಲು ಹೇಳಿ. ಹೊರಗೆ ಹೋಗುವವರನ್ನೂ ಅದು ಎಣಿಸುತ್ತದೆ. ಜೋಡಿಯಾಗಿ ಕೈ ಹಿಡಿದು ಬಂದವರನ್ನು ಒಬ್ಬರು ಎನ್ನುತ್ತದೆ. ಬಾಗಿಲಲ್ಲಿ ನಿಂತ ಮಗುವಿಗೆ ಸರಿಯಾದ ಸಂಖ್ಯೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅಲ್ಲಿಂದ ಕೆಲಸ ಶುರು.

ಇಷ್ಟೆಲ್ಲ ಕನ್ನಡದಲ್ಲೇ ನಡೆಯಬೇಕು. ಇದು ಭಾಷಾಭಿಮಾನದ ಮಾತು ಮಾತ್ರ ಅಲ್ಲ. ಮೇಲೆ ಹೇಳಿದ ಒಂದೊಂದು ತಿರುವೂ ಮಗು ಬಾಯಿ ಬಿಟ್ಟು ಹೇಳಿದ ಮಾತಿನಿಂದ ಬಂದದ್ದು. "ನಿಲ್ಲುವುದಿಲ್ಲ, ಸಣ್ಣ ಆಗ್ತದೆ" ಎಂದು ಹೇಳಲು ಆ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲ, ಎದುರಿಗಿದ್ದವರಿಗೆ ಕನ್ನಡ ಬಾರದಿದ್ದರೆ ಆ ಮಾತು ಅಲ್ಲೇ ಸಾಯುತ್ತಿತ್ತು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಇಲ್ಲಿಯ ಮಕ್ಕಳು, ಪೋಷಕರು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಪಠ್ಯ ಓದಿ ಒಪ್ಪಿಸುವ ಪಾಠದಲ್ಲಿ ಆ ಕೊರತೆ ಹೇಗೋ ಮುಚ್ಚಿಹೋಗಬಹುದು, ಪ್ರಾಜೆಕ್ಟ್ ಪಾಠದಲ್ಲಿ ಮುಚ್ಚುವುದಿಲ್ಲ. ಪ್ರಶ್ನೆ ಮಗುವಿನದ್ದಾದರೆ ಪ್ರಶ್ನೆಯ ಭಾಷೆಯೂ ಮಗುವಿನದ್ದೇ.

ಪಾರಿಭಾಷಿಕ ಪದಗಳ ವಿಷಯದಲ್ಲಿ ನನಗೆ ಹಟ ಇಲ್ಲ. ವೇರಿಯೇಬಲ್, ಲೂಪ್, ಸೆನ್ಸರ್ ಹಾಗೇ ಇರಲಿ. ವಿವರಣೆ, ವಾದ, ಜಗಳ ಕನ್ನಡದಲ್ಲಿರಲಿ. ಪೈಥಾನಿನಲ್ಲಿ ಒಂದು ಸಂಖ್ಯೆಯನ್ನೋ ಪದವನ್ನೋ ಇಟ್ಟುಕೊಳ್ಳುವ ವೇರಿಯೇಬಲ್ಲಿಗೆ 'ಮಳೆ' ಎಂದು ಕನ್ನಡದಲ್ಲೇ ಹೆಸರಿಡಬಹುದು ಎಂದು ತುಂಬಾ ಟೀಚರುಗಳಿಗೇ ಗೊತ್ತಿಲ್ಲ. ಕನ್ನಡ ಅಂಕಿಯಲ್ಲಿ '೩೫' ಎಂದು ಟೈಪ್ ಮಾಡಿ ಕೊಟ್ಟರೂ ಪೈಥಾನ್‌ನ 'ಇಂಟ್' ಎಂಬ ಆದೇಶ ಅದನ್ನು 35 ಎಂದು ಓದುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದ ದಿನ ಅವರ ಮುಖ ನೋಡಬೇಕಿತ್ತು. ಟೈಪಿಂಗಿಗೆ ಲ್ಯಾಬಿನ ಲಿನಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಇದ್ದೇ ಇದೆ. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರ ಕಿನ್ನಿಕಂಬಳ ನಮ್ಮಿಂದ ಬಹಳ ದೂರವೇನೂ ಅಲ್ಲ ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ದೊಡ್ಡ ತಡೆ ಎರರ್ ಮೆಸೇಜುಗಳು. ಅವು ಬರುವುದು ಇಂಗ್ಲಿಷಿನಲ್ಲಿ. ಕೆಂಪು ಅಕ್ಷರದ ನಾಲ್ಕು ಸಾಲು ಕಂಡ ಕೂಡಲೇ ಮಕ್ಕಳು ಕೈ ಎತ್ತುತ್ತಾರೆ, "ಟೀಚರ್, ಹಾಳಾಯ್ತು." ಇದಕ್ಕೆ ನಾವು ಒಂದು ತಪ್ಪಿನ ಪುಸ್ತಕ ಇಟ್ಟಿದ್ದೇವೆ. ಸಾಮಾನ್ಯ 200 ಪುಟದ ಲಾಂಗ್ ಬುಕ್. ಎಡಬದಿಯಲ್ಲಿ ಬಂದ ಎರರ್, ಬಲಬದಿಯಲ್ಲಿ ಕನ್ನಡದಲ್ಲಿ ಕಾರಣ. "ಇಂಡೆಂಟೇಶನ್ ಎರರ್: ಇಫ್‌ನ ಕೆಳಗಿನ ಸಾಲನ್ನು ಒಳಗೆ ತಳ್ಳಲಿಕ್ಕೆ ಮರೆತೆ." "ನೇಮ್ ಎರರ್: ಮೇಲೆ ಮಳೆ ಅಂತ ಬರೆದು ಕೆಳಗೆ ಮಳೇ ಅಂತ ಬರೆದಿದ್ದೆ." ಬರೆದವರ ಹೆಸರೂ ಇರುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಈಗ ಕೈ ಎತ್ತುವ ಮೊದಲು ಮಕ್ಕಳು ಆ ಪುಸ್ತಕ ತೆರೆದು ನೋಡುತ್ತಾರೆ. ಮುಂದಿನ ವರ್ಷದವರಿಗೂ ಅದೇ ಪುಸ್ತಕ.

ಇನ್ನು ಮಾರ್ಕಿನ ವಿಷಯ. ಹೆಚ್ಚಿನ ಪ್ರಾಜೆಕ್ಟ್ ಪಾಠಗಳು ಕೆಡುವುದು ಇಲ್ಲೇ. ಕೊನೆಗೆ ಓಡುವ ವಸ್ತುವಿಗೆ ಮಾರ್ಕು ಎಂದರೆ ಅಂಗಡಿಯ ಬೈಂಡು ಮತ್ತೆ ಬರುತ್ತದೆ, ಈ ಸಲ ಎಐ ಬರೆದುಕೊಟ್ಟ ಕೋಡ್ ರೂಪದಲ್ಲಿ. ಮೊಬೈಲಿನಲ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಪೂರ್ತಿ ಪ್ರೋಗ್ರಾಂ ಸಿಗುತ್ತದೆ. ತಡೆಯಲು ನಮ್ಮಿಂದ ಆಗುವುದಿಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ 2016ರಲ್ಲಿ ಶುರುವಾದ ಎಪಿ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಕೋರ್ಸಿನಲ್ಲಿ ಒಟ್ಟು ಅಂಕದ ಶೇಕಡಾ 30 ಮಗು ತಾನೇ ಮಾಡಿದ ಪ್ರೋಗ್ರಾಮಿಗೆ. ಅದಕ್ಕೆ ತರಗತಿಯಲ್ಲೇ ಕನಿಷ್ಠ 9 ಗಂಟೆ ಸಮಯ ಕೊಡಬೇಕು. 2024ರಿಂದ ಅಲ್ಲಿ ಮಕ್ಕಳು ತಮ್ಮ ಕೋಡಿನ ಬಗ್ಗೆ ಬರೆಯುವ ಉತ್ತರವನ್ನು ಪರೀಕ್ಷೆಯ ದಿನ, ಪರೀಕ್ಷಾ ಕೋಣೆಯಲ್ಲೇ ಬರೆಯಬೇಕು. ಈ ಎರಡು ವಿಷಯ ನಮಗೆ ಎರವಲು ಪಡೆಯಲು ಯೋಗ್ಯ. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸಿನಲ್ಲಿ ಪ್ರಾಯೋಗಿಕದ 30 ಅಂಕಗಳಲ್ಲಿ 8 ಪ್ರಾಜೆಕ್ಟಿಗೆ, 3 ಮೌಖಿಕಕ್ಕೆ. ನನ್ನನ್ನು ಕೇಳಿದರೆ ಆ ಲೆಕ್ಕ ತಿರುಗಿಸಬೇಕು, ಮಾತಿಗೆ ಜಾಸ್ತಿ ಕೊಡಬೇಕು.

ನಾನು ಕೇಳುವುದು ಒಂದೇ ಪ್ರಶ್ನೆ. ಮಗುವಿನ ಕೋಡಿನ ಒಂದು ಸಾಲಿಗೆ ಬೆರಳಿಟ್ಟು, "ಇದನ್ನು ತೆಗೆದ್ರೆ ಎಂತ ಆಗ್ತದೆ?" ತಾನೇ ಬರೆದವರು ಯೋಚಿಸಿ ಹೇಳುತ್ತಾರೆ, ಕೆಲವೊಮ್ಮೆ ತಪ್ಪು ಹೇಳುತ್ತಾರೆ, ತೆಗೆದು ಓಡಿಸಿ ನೋಡಿ ನಗುತ್ತಾರೆ. ಬೇರೆಯವರಿಂದ ತಂದವರು ಸುಮ್ಮನೆ ನಿಲ್ಲುತ್ತಾರೆ. ಎಐನಿಂದ ತಂದರೂ ಪರವಾಗಿಲ್ಲ, ಪ್ರತಿ ಸಾಲನ್ನು ಅರ್ಥ ಮಾಡಿಕೊಂಡು ಬಂದರೆ ಮಾರ್ಕು ಕೊಡುತ್ತೇನೆ. ಇಬ್ಬರು ಹಾಗೆ ಬಂದಿದ್ದರು. ಅಕ್ಷರ ಎಣಿಸುವ ಪ್ರೋಗ್ರಾಮನ್ನು ಎಐ ಕೈಯಲ್ಲಿ ಬರೆಸಿ, ಅದಕ್ಕೆ 'ಬಸ್' ಕೊಟ್ಟು ಪರೀಕ್ಷಿಸಿ, ಅದೂ ತಪ್ಪುತ್ತದೆ ಎಂದು ತೋರಿಸಲು!

ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಇದೆ. ಆಮೇಲೆ ಪ್ಲಸ್ ಟುವಿನಲ್ಲಿ ಸಿ++ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಇದೆ, ಕೆಲವರು ಮಂಗಳೂರು, ಪುತ್ತೂರಿಗೆ ಪಿಯುಸಿಗೆ ಹೋಗುತ್ತಾರೆ. ಅಲ್ಲಿ ಎಲ್ಲ ಇಂಗ್ಲಿಷ್. ಸುರಂಗದ ನೀರು ಅಳೆದದ್ದು ಅಲ್ಲಿ ಏನು ಪ್ರಯೋಜನ ಎಂದು ಒಬ್ಬ ತಾಯಿ ಕೇಳಿದರು. ಲೂಪನ್ನು ಒಮ್ಮೆ ಅರ್ಥ ಮಾಡಿಕೊಂಡ ಮಗುವಿಗೆ ಸಿ++ನಲ್ಲಿ ಹೊಸತಾಗಿ ಕಲಿಯಬೇಕಾದದ್ದು ಬರೆಯುವ ರೀತಿ ಮಾತ್ರ. ಅರ್ಥ ಆಗದೆ ಹೋದವರು ಅಲ್ಲಿ ಎರಡನ್ನೂ ಒಟ್ಟಿಗೆ, ಅದೂ ಇಂಗ್ಲಿಷಿನಲ್ಲಿ ಕಲಿಯಬೇಕು. ಅವರಿಗೆ ಇದನ್ನೇ ಹೇಳಿದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಮಗಳನ್ನಂತೂ ಪ್ರಾಜೆಕ್ಟಿಗೆ ಬಿಟ್ಟರು.

ಲಿಟಲ್ ಕೈಟ್ಸ್ ಇದೆಯಲ್ಲ, ಅದು ಸಾಲದಾ ಎಂದು ಕೇಳುವವರಿದ್ದಾರೆ. ಕ್ಲಬ್ಬಿನಿಂದ ಒಳ್ಳೆಯ ಕೆಲಸ ಆಗುತ್ತಿದೆ. ಆದರೆ ಅಭಿರುಚಿ ಪರೀಕ್ಷೆ ಬರೆದು ಆಯ್ಕೆಯಾದ ಒಂದು ಗುಂಪಿಗೆ ಮಾತ್ರ ಅಲ್ಲಿ ಜಾಗ, ಒಂದು ಘಟಕದಲ್ಲಿ ಹೆಚ್ಚೆಂದರೆ 40 ಮಕ್ಕಳು. 'ಬಸ್' ತಪ್ಪು ಹಿಡಿದ ಹುಡುಗಿ ಆ ಪರೀಕ್ಷೆಯಲ್ಲಿ ಆಯ್ಕೆ ಆಗಿರಲಿಲ್ಲ.

ಶುರು ಮಾಡಲು ಹೊಸ ಸರಕಾರಿ ಆದೇಶಕ್ಕೆ ಕಾಯಬೇಕಾಗಿಲ್ಲ. ಹತ್ತನೇ ತರಗತಿಯನ್ನು ಮುಟ್ಟಬೇಡಿ, ಅಲ್ಲಿ ಪರೀಕ್ಷೆಯ ಒತ್ತಡ ಇದೆ. ಒಂಬತ್ತಕ್ಕೆ, ಈಗಿರುವ ಐಸಿಟಿ ಪೀರಿಯಡುಗಳಲ್ಲೇ, ವಾರಕ್ಕೊಂದನ್ನು ತೆಗೆದಿಡಿ. ಜೂನಿನಿಂದ ಓಣಂ ಪರೀಕ್ಷೆಯವರೆಗೆ ಒಂದೇ ಒಂದು ಸಣ್ಣ ಪ್ರಾಜೆಕ್ಟ್ ಸಾಕು. ಮಳೆಗಾಲವಾದ್ದರಿಂದ ಮಳೆಯೇ ಒಳ್ಳೆಯದು, ಬಾಟಲಿಯ ಬಾಯಿ ಕತ್ತರಿಸಿ ಅಂಗಳದಲ್ಲಿ ಇಟ್ಟರೆ ಅಳತೆ ಶುರುವಾಯಿತು. ಮೂವರಿಗೆ ಒಂದು ಕಂಪ್ಯೂಟರ್ ಇದ್ದರೆ ಸಾಕು, ನಿಜ ಹೇಳಬೇಕೆಂದರೆ ಒಬ್ಬೊಬ್ಬರಿಗೆ ಒಂದು ಇದ್ದರೆ ಜಗಳವೇ ಆಗುವುದಿಲ್ಲ. ಟೈಪ್ ಮಾಡುವವರು ವಾರ ವಾರ ಬದಲಾಗಬೇಕು, ಇಲ್ಲದಿದ್ದರೆ ಮೂರು ತಿಂಗಳೂ ಒಬ್ಬನೇ ಕೀಬೋರ್ಡ್ ಹಿಡಿದು ಕೂರುತ್ತಾನೆ. ಹೆಣ್ಣುಮಕ್ಕಳು ಪಕ್ಕದಲ್ಲಿ ನೋಟ್ಸ್ ಬರೆಯುತ್ತಾ ಉಳಿಯುತ್ತಾರೆ. ಇದನ್ನು ನಾನು ಎರಡು ವರ್ಷ ಗಮನಿಸದೆ ಬಿಟ್ಟಿದ್ದೆ.

ಟೀಚರುಗಳಿಗೆ ಬೇಕಾದದ್ದು ಬೇಸಿಗೆ ರಜೆಯಲ್ಲಿ ಕನ್ನಡದಲ್ಲೇ ನಡೆಯುವ ತರಬೇತಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ಈ ಮೂರು ಉಪಜಿಲ್ಲೆಗಳ ಕನ್ನಡ ಹೈಸ್ಕೂಲುಗಳಿಂದ ಒಬ್ಬೊಬ್ಬರು ಬಂದು ಮೂರು ದಿನ ಕೂತು, ತಾವೇ ಒಂದು ಪ್ರಾಜೆಕ್ಟ್ ಮಾಡಬೇಕು, ತಾವೇ ಎಡವಬೇಕು. ಪೊವ್ವಲಿನಲ್ಲಿ 1993ರಿಂದ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ ಓದುವ ನಮ್ಮೂರಿನ ಮಕ್ಕಳು ಶನಿವಾರ ಬೆಳಿಗ್ಗೆ ಎರಡು ಗಂಟೆ ಲ್ಯಾಬಿಗೆ ಬಂದು ಕೂತರೆ, ಒಬ್ಬ ಟೀಚರಿಗೆ ಹತ್ತು ತಂಡಗಳನ್ನು ನೋಡುವ ಧೈರ್ಯ ಬರುತ್ತದೆ.

ಈ ವರ್ಷದ ಒಂಬತ್ತನೇ ತರಗತಿ ಪ್ರಸ್ತಾರದ ಪ್ರೋಗ್ರಾಂ ಹಿಡಿದಿದೆ. ಕನ್ನಡ ಪಂಡಿತರು ಮೊನ್ನೆ ಲ್ಯಾಬಿಗೆ ಬಂದು, ಒಂದು ಭಾಮಿನಿ ಸಾಲು ಕೊಟ್ಟು, ಯಂತ್ರ ಹೇಳಿದ ಮಾತ್ರೆಗಳನ್ನು ಬೆರಳು ಮಡಚಿ ಎಣಿಸಿದರು. ಹದಿನಾಲ್ಕು ಬರಬೇಕಿತ್ತು, ಹದಿಮೂರು ಬಂದಿತ್ತು. ಪದದ ಕೊನೆಯ ಅಕ್ಷರ, ಮುಂದಿನ ಪದದ ಮೊದಲ ಒತ್ತಕ್ಷರ, ನಡುವೆ ಒಂದು ಖಾಲಿ ಜಾಗ. ಪ್ರೋಗ್ರಾಂ ಆ ಖಾಲಿ ಜಾಗವನ್ನು ದಾಟಿ ಮುಂದೆ ನೋಡುತ್ತಿರಲಿಲ್ಲ. ಮಕ್ಕಳು ತಪ್ಪಿನ ಪುಸ್ತಕದಲ್ಲಿ ಬರೆದುಕೊಂಡರು. ಪಂಡಿತರು ಬೆಲ್ ಹೊಡೆದ ಮೇಲೂ ಏಳಲಿಲ್ಲ.